ನೀರಿನ ಹಿಂದೆ ಹೋದರೆ ಲಾರಿ ಸಿಗಲ್ಲ: ಮೈಸೂರಿನಿಂದ ಮೇಲುಕೋಟೆಗೆ ನಾಲೆ ಏರಿಯ ಸೈಕಲ್ ದಾರಿ

ಮೈಸೂರು, ಮಂಡ್ಯ ಕಡೆ ಸೈಕಲ್ ಹೊಡೆಯುವವರು ಈಗ ಜಾಸ್ತಿ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಬೆಳಗಿನ ಆರಕ್ಕೇ ಹೆಲ್ಮೆಟ್‌ಗಳ ಸಾಲು. ಆದರೆ ಲಾರಿ, ಬಸ್ಸು, ಹಾರನ್ ಯಾವುದರ ಕಾಟವೂ ಇಲ್ಲದೆ ಇಡೀ ದಿನ ತುಳಿಯುವ ದಾರಿ ಯಾವುದಿದೆ ಅಂತ ಕೇಳಿ ನೋಡಿ, ಸುಮಾರು ಜನ ಕೊಡಗಿನ ಕಡೆಗೋ ಊಟಿ ಕಡೆಗೋ ಕೈ ತೋರಿಸುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಕಾವೇರಿಯ ನೀರು ಗದ್ದೆಗೆ ಹೋಗುವ ದಾರಿಯಲ್ಲೇ ನಾವೂ ಹೋದರೆ ಸಾಕು.

ನಮ್ಮ ತಾತ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನೀರುಗಂಟಿ ಆಗಿದ್ದರು. ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಏರಿ ಮೇಲೆ ನಡೆಯುವುದು, ಯಾವ ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು ಅವರ ಕೆಲಸ. ನಾನು ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ರಜೆ ಸಿಕ್ಕಾಗ ಅದೇ ಏರಿಗಳ ಮೇಲೆ ಸೈಕಲ್ ಹೊಡೆಯುತ್ತೇನೆ. ಇಲ್ಲಿ ಬರೆದದ್ದರಲ್ಲಿ ಅರ್ಧ ತಾತ ಹೇಳಿಕೊಟ್ಟದ್ದು, ಉಳಿದರ್ಧ ಪೆಡಲ್ ಮೇಲೆ ಕಲಿತದ್ದು.

ಮೊದಲು ನಾಲೆಯನ್ನು ಓದಲು ಕಲಿಯಿರಿ

ನೀರು ಏರು ಹತ್ತುವುದಿಲ್ಲ. ಈ ಒಂದು ಮಾತು ನೆನಪಿದ್ದರೆ ಅರ್ಧ ದಾರಿ ಸಿಕ್ಕ ಹಾಗೆ. ನಾಲೆ ತೋಡುವವರು ಗುಡ್ಡ ಬಂದರೆ ಅದರ ಪಕ್ಕೆಯನ್ನು ಬಳಸುತ್ತಾರೆ, ಹಳ್ಳ ಬಂದರೆ ಮೇಲ್ಗಾಲುವೆ ಕಟ್ಟಿ ದಾಟಿಸುತ್ತಾರೆ. ಇಳಿಜಾರು ಇರುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ನಾಲೆ ಏರಿ ಮೇಲೆ ಹೋಗುವ ಸೈಕಲ್ಲಿಗೂ ಏರು ಇಲ್ಲ. ಮಂಡಿ ನೋವಿನವರು, ಹೊಸದಾಗಿ ಶುರು ಮಾಡಿದವರು, ಹತ್ತು ವರ್ಷದ ಮಕ್ಕಳು ಯಾರು ಬೇಕಾದರೂ ಒಂದೇ ಗೇರಿನಲ್ಲಿ ತುಳಿಯಬಹುದು. ಬದಲಿಗೆ ಕೊಡಬೇಕಾದ್ದು ದೂರ. ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಇರುವ ಊರು ಏರಿ ಮೇಲೆ ಹದಿನೈದು ಆಗುತ್ತದೆ, ಯಾಕೆಂದರೆ ನಾಲೆ ಪ್ರತಿ ಗುಡ್ಡಕ್ಕೂ ಒಂದು ಸುತ್ತು ಹಾಕುತ್ತದೆ. ಸಮಯದ ಲೆಕ್ಕ ಹಾಕುವಾಗ ಇದನ್ನು ಸೇರಿಸಿಕೊಳ್ಳಿ. ಟಾರ್ ರಸ್ತೆಯಲ್ಲಿ ಗಂಟೆಗೆ ಇಪ್ಪತ್ತೆರಡು ಹೋಗುವವರು ಇಲ್ಲಿ ಹದಿಮೂರು, ಹದಿನಾಲ್ಕು ಅಂತ ಇಟ್ಟುಕೊಳ್ಳಿ.

ಯಾವ ದಂಡೆಯಲ್ಲಿ ಹೋಗಬೇಕು? ಗುಡ್ಡದ ಪಕ್ಕೆಯಲ್ಲಿ ಹೋಗುವ ನಾಲೆಗೆ ಒಂದು ಕಡೆ ಎತ್ತರದ ನೆಲ, ಇನ್ನೊಂದು ಕಡೆ ತಗ್ಗು. ತಗ್ಗಿನ ಕಡೆ ಮಣ್ಣು ಹಾಕಿ ಗಟ್ಟಿಯಾಗಿ ಏರಿ ಕಟ್ಟಿರುತ್ತಾರೆ. ಇಂಜಿನಿಯರುಗಳ ಜೀಪು ಓಡಾಡುವುದು ಸಾಮಾನ್ಯವಾಗಿ ಅದರ ಮೇಲೆ. ಗದ್ದೆ ಇರುವುದೂ ಆ ಕಡೆಯೇ, ನೀರು ಇಳಿಯಬೇಕಲ್ಲ. ಸುಲಭವಾಗಿ ಹೇಳಬೇಕೆಂದರೆ, ಸೇತುವೆ ಮೇಲೆ ನಿಂತು ಎರಡೂ ಕಡೆ ನೋಡಿ. ಹಸಿರು ಗದ್ದೆ ಎತ್ತ ಇದೆಯೋ ಆ ದಂಡೆ ಹಿಡಿಯಿರಿ. ಎದುರು ದಂಡೆಯಲ್ಲಿ ಕಾಲುದಾರಿ ಕಾಣಿಸಿದರೂ ಸ್ವಲ್ಪ ಮುಂದೆ ಜಾಲಿ ಪೊದೆಯಲ್ಲಿ ಮುಗಿದುಹೋಗುತ್ತದೆ.

ನಾಲೆಯ ಗಾತ್ರವನ್ನೂ ನೋಡಬೇಕು. ಮುಖ್ಯ ನಾಲೆ ದೊಡ್ಡದಾದಷ್ಟೂ ಅದರ ಪಕ್ಕದ ದಾರಿ ಟಾರ್ ಆಗಿರುತ್ತದೆ, ಕಾರು ಬರುತ್ತದೆ. ತೀರ ಚಿಕ್ಕ ಹೊಲಗಾಲುವೆಗೆ ದಾರಿಯೇ ಇರುವುದಿಲ್ಲ, ಗದ್ದೆಯ ಬದು ಅಷ್ಟೆ. ನಮಗೆ ಬೇಕಾದ್ದು ನಡುವಿನದು. ಒಂದು ಟ್ರಾಕ್ಟರ್ ಹೋಗುವಷ್ಟು ಅಗಲ, ನಡುವೆ ಹುಲ್ಲಿನ ಪಟ್ಟಿ, ಎರಡು ಕಡೆ ಚಕ್ರದ ಜಾಡು. ಉಪನಾಲೆಗಳ ಮೇಲೆ ಇಂಥ ದಾರಿ ಸಿಗುತ್ತದೆ. ಹಳೆಯ ನದಿ ಕಾಲುವೆಗಳ ಮೇಲೆ ಇನ್ನೂ ಚೆನ್ನಾಗಿ ಸಿಗುತ್ತದೆ.

ಹಳೆಯ ಕಾಲುವೆ ಅಂದೆ, ಹೊಸವೂ ಇವೆ. ವ್ಯತ್ಯಾಸ ಸೈಕಲ್ಲಿನವರಿಗೆ ತುಂಬಾ ಮುಖ್ಯ. ಕಾವೇರಿಗೆ ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಅಣೆಕಟ್ಟು, ಕಟ್ಟುವ ನೂರಾರು ವರ್ಷ ಮೊದಲೇ ನದಿಗೆ ಅಡ್ಡಲಾಗಿ ಕಲ್ಲಿನ ಅಣೆ ಹಾಕಿ ಕಾಲುವೆ ತೆಗೆದಿದ್ದರು. ಚಿಕ್ಕದೇವರಾಜಸಾಗರ ನಾಲೆ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದ್ದು. ಜನ ಸಿಡಿಎಸ್ ನಾಲೆ ಅನ್ನುತ್ತಾರೆ. ಬಂಗಾರದೊಡ್ಡಿ ನಾಲೆ ಇನ್ನೂ ಹಿಂದಿನದು, ಕಂಠೀರವ ನರಸರಾಜ ಒಡೆಯರ ಕಾಲದ್ದು. ಅದು ನದಿಯ ಮೇಲೆ ಕಲ್ಲಿನ ಮೇಲ್ಗಾಲುವೆಯಲ್ಲಿ ಹಾದು ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ತರುತ್ತದೆ. ಬಲದಂಡೆಯಲ್ಲಿ ವಿರಿಜಾ ನಾಲೆ ಇದೆ. ಇವೆಲ್ಲ ನದಿಯನ್ನು ಬಿಟ್ಟು ದೂರ ಹೋಗುವುದಿಲ್ಲ. ದಂಡೆಯಲ್ಲಿ ತೆಂಗು, ಹೊಂಗೆ, ಅತ್ತಿ ಬೆಳೆದು ನೆರಳು ಕೊಡುತ್ತವೆ. ತಿರುವುಗಳೂ ಜಾಸ್ತಿ.

ಕಟ್ಟೆ ಆದಮೇಲೆ ಬಂದದ್ದು ವಿಶ್ವೇಶ್ವರಯ್ಯ ನಾಲೆ. ಮೊದಲು ವೈಸ್‌ರಾಯ್ ಇರ್ವಿನ್ ಹೆಸರು ಇಟ್ಟಿದ್ದರು. ತಾತನ ಬಾಯಲ್ಲಿ ಕೊನೆವರೆಗೂ ಅದು ಇರ್ವಿನ್ ನಾಲೆಯೇ. ಇದು ಅಗಲ, ಆಳ, ಬಯಲು. ನೆರಳು ಕಡಿಮೆ. ಹುಲಿಕೆರೆ ಹತ್ತಿರ ಇದು ಗುಡ್ಡದ ಒಳಗೆ ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಹೊಕ್ಕು ಆಚೆ ಮಂಡ್ಯದ ಬಯಲಿಗೆ ಇಳಿಯುತ್ತದೆ. ಮೂರನೆಯದು ವರುಣಾ ನಾಲೆ, ಕಟ್ಟೆಯ ಬಲದಂಡೆಯ ಮೇಲ್ಮಟ್ಟದ ನಾಲೆ. ಮೈಸೂರಿನ ಪೂರ್ವ ಭಾಗದಲ್ಲಿ ಇರುವವರಿಗೆ ಮನೆಯಿಂದ ಅತಿ ಹತ್ತಿರ ಸಿಗುವುದು ಇದೇ. ಒಂದು ಬೆಳಗ್ಗೆ ಸುಮ್ನೆ ಅಭ್ಯಾಸಕ್ಕೆ ಹೋಗಿಬರಲು ಒಳ್ಳೆಯದು.

ನಕ್ಷೆ

ಫೋನಿನಲ್ಲಿ ಸ್ಯಾಟಲೈಟ್ ಚಿತ್ರ ತೆರೆದು ನೀಲಿ ಗೆರೆ ಹಿಡಿದು ಹೋಗಿ. ನಾಲೆಯ ಪಕ್ಕದಲ್ಲಿ ತಿಳಿ ಕಂದು ಗೆರೆ ಕಂಡರೆ ಅದೇ ಏರಿ ದಾರಿ. ಗೆರೆ ಮಾಯವಾದ ಕಡೆ ಮರದ ನೆರಳೂ ಇರಬಹುದು, ದಾರಿ ಕಡಿದೂ ಹೋಗಿರಬಹುದು. ಅಂಥ ಜಾಗದಲ್ಲಿ ಹಿಂದಿನ ಸೇತುವೆ ಎಲ್ಲಿದೆ ಅಂತ ಮೊದಲೇ ಗುರುತು ಹಾಕಿಕೊಳ್ಳಿ. ಮೊಬೈಲಿನ ದಾರಿ ತೋರಿಸುವ ದನಿಯನ್ನು ಮಾತ್ರ ಇಲ್ಲಿ ನಂಬಬೇಡಿ. ಅದು ಪ್ರತಿ ಸಲ ನಿಮ್ಮನ್ನು ಟಾರ್ ರಸ್ತೆಗೇ ಎಳೆಯುತ್ತದೆ.

ಇನ್ನೊಂದು ಉಪಾಯ ಸೈಕಲ್ಲಿನವರಿಗಿಂತ ರೈತರಿಗೆ ಚೆನ್ನಾಗಿ ಗೊತ್ತು. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಊರಿನ ಕಂದಾಯ ನಕ್ಷೆಯಲ್ಲಿ ಬಂಡಿ ದಾರಿ, ಕಾಲುದಾರಿಗಳ ಗೆರೆಗಳೂ ಇರುತ್ತವೆ. 'ನಕಾಶೆ ಕಂಡ ದಾರಿ' ಅನ್ನುತ್ತಾರಲ್ಲ, ಅದೇ. ಎರಡು ನಾಲೆಗಳ ನಡುವೆ ಹಾದು ಹೋಗಬೇಕಾದಾಗ ಇಂಥ ಬಂಡಿ ದಾರಿ ಹುಡುಕಿದರೆ ಯಾರ ಜಮೀನನ್ನೂ ತುಳಿಯದೆ ಹೋಗಬಹುದು.

ಯಾವಾಗ ಹೋಗಬೇಕು

ನವೆಂಬರಿನಿಂದ ಫೆಬ್ರವರಿವರೆಗೆ. ಮಳೆ ನಿಂತಿರುತ್ತದೆ, ಬಿಸಿಲು ಹದವಾಗಿರುತ್ತದೆ, ಭತ್ತ ಹೊಂಬಣ್ಣಕ್ಕೆ ತಿರುಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಶ್ವೇಶ್ವರಯ್ಯ ನಾಲೆಯ ಮೇಲೆ ಹತ್ತು ಗಂಟೆ ಆದಮೇಲೆ ಇರಬೇಡಿ.

ಮಂಡ್ಯದವರು ದಿನಾ ಪೇಪರಿನಲ್ಲಿ ಕಟ್ಟೆಯ ನೀರಿನ ಮಟ್ಟ ನೋಡುತ್ತಾರೆ. 124.80 ಅಡಿ ಅಂದರೆ ತುಂಬಿದ ಹಾಗೆ. ಸೈಕಲ್ಲಿನವರೂ ನೋಡಬೇಕು. ಕಟ್ಟೆ ತುಂಬಿದ ವರ್ಷ ನಾಲೆಗೆ ನೀರು ಬಿಡದೆ ನಿಲ್ಲಿಸುವುದು ಕಡಿಮೆ. ಮಳೆ ಕೈಕೊಟ್ಟ ವರ್ಷ ಕಟ್ಟು ಪದ್ಧತಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ ನೀರು. ನೀರು ಇಲ್ಲದ ದಿನ ಹೋದರೆ ಏರಿ ಒಣಗಿ ಗಟ್ಟಿಯಾಗಿರುತ್ತದೆ, ಓಡಿಸಲು ಸುಖ. ಆದರೆ ನನಗೆ ನೀರು ಹರಿಯುವಾಗಲೇ ಇಷ್ಟ. ಪಕ್ಕದಲ್ಲಿ ನೀರು ಹರಿಯುತ್ತಲೇ ಇರುತ್ತದೆ. ತೂಬಿನ ಹತ್ತಿರ ತಂಪು ಗಾಳಿ ಮುಖಕ್ಕೆ ತಾಕುತ್ತದೆ. ಮಿಂಚುಳ್ಳಿ ಒಂದು ಕಂಬದಿಂದ ಇನ್ನೊಂದಕ್ಕೆ ಹಾರುತ್ತಾ ಒಂದಷ್ಟು ದೂರ ಜೊತೆಗೇ ಬರುತ್ತದೆ.

ಮಳೆ ಬಂದ ಮಾರನೆಯ ದಿನ ಬೇಡ. ಕೆಂಪು ಮಣ್ಣು ಅರ್ಧ ದಿನದಲ್ಲಿ ಆರುತ್ತದೆ. ಆದರೆ ತಗ್ಗಿನಲ್ಲಿ ಕಪ್ಪು ಜೇಡಿ ಇರುವ ಕಡೆ ಮಣ್ಣು ಟೈರಿಗೆ ಮೆತ್ತಿಕೊಂಡು ಫೋರ್ಕಿನ ಒಳಗೆ ತುಂಬಿ ಚಕ್ರವೇ ತಿರುಗುವುದಿಲ್ಲ. ಕಡ್ಡಿಯಲ್ಲಿ ಕೆರೆದು ತೆಗೆದರೆ ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ತುಂಬುತ್ತದೆ. ಅಂಥ ಏರಿ ಮೇಲೆ ಜಾಡು ಬಿದ್ದರೆ ರೈತರಿಗೂ ತೊಂದರೆ.

ಸೈಕಲ್

ಮಣ್ಣು ದಾರಿಗೆಂದೇ ಮಾಡಿದ ದುಬಾರಿ ಗ್ರಾವೆಲ್ ಬೈಕ್ ಬೇಕೇ ಬೇಕು ಅಂತ ಇಲ್ಲ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸಾದಾ ಎಂಟಿಬಿ (ದಪ್ಪ ಟೈರಿನ ಮೌಂಟನ್ ಬೈಕ್) ಸಾಕು. ಹೈಬ್ರಿಡ್ ಸೈಕಲ್ಲಿಗೆ 38 ಅಥವಾ 40 ಮಿಲಿಮೀಟರ್ ಟೈರ್ ಹಿಡಿಸಿದರೆ ಅದೂ ಆಗುತ್ತದೆ. ಸಣ್ಣ ಟೈರಿನ ರೋಡ್ ಬೈಕ್ ಮಾತ್ರ ತರಬೇಡಿ, ಮರಳು ಸೇರಿದ ಜಾಡಿನಲ್ಲಿ ಮುಂದಿನ ಚಕ್ರ ಜಾರುತ್ತದೆ.

ಗಾಳಿ ಜಾಸ್ತಿ ತುಂಬಬೇಡಿ. ಅಂಗಡಿಯವರು ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಅಂಕಿಗೇ ತುಂಬಿ ಕಳಿಸುತ್ತಾರೆ. ಎಪ್ಪತ್ತು ಕೆಜಿ ತೂಕದವರಿಗೆ 40 ಮಿಲಿಮೀಟರ್ ಟೈರಿನಲ್ಲಿ ಟ್ಯೂಬ್ ಇದ್ದರೆ ಹಿಂದೆ 40, ಮುಂದೆ 36 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು. ಎಂಟಿಬಿಯ 2.1 ಇಂಚಿನ ಟೈರಿಗೆ 30ರ ಆಸುಪಾಸು. ಕಲ್ಲಿನ ಮೇಲೆ ಹೋದಾಗ ರಿಮ್ ತಾಕಿದ ಸದ್ದು ಬಂದರೆ ಎರಡು ಪಿಎಸ್‌ಐ ಏರಿಸಿ.

ಇಲ್ಲಿನ ದೊಡ್ಡ ಶತ್ರು ಮುಳ್ಳು. ಬಳ್ಳಾರಿ ಜಾಲಿ ಏರಿಯ ಉದ್ದಕ್ಕೂ ಬೆಳೆದಿದೆ. ಬೇಲಿಗೆ ಕಡಿದ ಮುಳ್ಳಿನ ಕಂಟಿಯನ್ನು ದಾರಿಯಲ್ಲೇ ಎಳೆದುಕೊಂಡು ಹೋಗಿರುತ್ತಾರೆ. ನೆಲಕ್ಕೆ ಹಬ್ಬಿದ ನೆಗ್ಗಿಲು ಮುಳ್ಳು ಬೇರೆ. ಟ್ಯೂಬ್‌ಲೆಸ್ ಮಾಡಿಸಿ, ತೂತನ್ನು ತಾನೇ ಮುಚ್ಚುವ ಸೀಲೆಂಟ್ ದ್ರವ ಹಾಕಿಸಿದರೆ ನೆಮ್ಮದಿ, ಆದರೆ ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಹೊಸದು ಹಾಕಬೇಕು. ಟ್ಯೂಬ್ ಇದ್ದವರು ಎರಡು ಟ್ಯೂಬ್, ಪ್ಯಾಚ್, ಪಂಪ್ ಇಟ್ಟುಕೊಳ್ಳಿ. ಪಂಕ್ಚರ್ ಆದಾಗ ಟ್ಯೂಬ್ ಬದಲಿಸುವ ಅವಸರ ಮಾಡಬೇಡಿ. ಟೈರಿನ ಒಳಮೈಯಲ್ಲಿ ಒಂದು ಬಟ್ಟೆ ಸುತ್ತ ಎಳೆಯಿರಿ. ಮುಳ್ಳಿನ ಮೊನೆ ಇದ್ದರೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ಜಾಲಿ ಮುಳ್ಳು ಹೊರಗಿನಿಂದ ಮುರಿದು ಒಳಗೆ ಸಾಸಿವೆಯಷ್ಟೇ ಉಳಿದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಇನ್ನೊಂದು ವಿಷಯ ಬೇರೆ ಊರಿನ ಪುಸ್ತಕಗಳಲ್ಲಿ ಇರುವುದಿಲ್ಲ. ಸುಗ್ಗಿಯಲ್ಲಿ ಹಳ್ಳಿ ರಸ್ತೆ ಮೇಲೆ ರಾಗಿ ತೆನೆ, ಹುರುಳಿ ಗಿಡ ಹರಡಿ ಒಕ್ಕಣೆ ಮಾಡುತ್ತಾರೆ. ಅದರ ಮೇಲೆ ಸೈಕಲ್ ಹೋದರೆ ಹುರುಳಿಯ ಬಳ್ಳಿ ಹಿಂದಿನ ಗೇರಿನ ಸಣ್ಣ ಗಾಲಿಗಳಿಗೆ ಸುತ್ತಿಕೊಳ್ಳುತ್ತದೆ. ಮೊದಲು ಸರ್ ಅಂತ ಸದ್ದು, ಆಮೇಲೆ ಚೈನು ಬಿಗಿಯುತ್ತದೆ, ಆಗಲೂ ತುಳಿದರೆ ಗೇರು ಬದಲಿಸುವ ಡಿರೇಲರನ್ನು ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ. ಸದ್ದು ಬಂದ ಕೂಡಲೇ ಇಳಿಯಿರಿ. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಬಳ್ಳಿಯನ್ನು ಕೈಯಲ್ಲಿ ಬಿಚ್ಚಿ. ಸಾಧ್ಯವಾದರೆ ಒಕ್ಕಣೆ ಕಂಡಾಗಲೇ ಇಳಿದು ಸೈಕಲ್ ಎತ್ತಿಕೊಂಡು ಪಕ್ಕದಲ್ಲಿ ನಡೆಯಿರಿ. ಅದು ಒಬ್ಬರ ಊಟ, ಅದರ ಮೇಲೆ ಮಣ್ಣಿನ ಟೈರು ಹಾಯಿಸುವುದು ಚೆನ್ನಾಗಿರಲ್ಲ ಅಲ್ವಾ?

ದಾರಿ: ಮೈಸೂರು, ಶ್ರೀರಂಗಪಟ್ಟಣ, ತೊಣ್ಣೂರು, ಮೇಲುಕೋಟೆ

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರ್ ಬಿಡುತ್ತಿಲ್ಲ, ಸೈಕಲ್ಲನ್ನೂ ಬಿಡುವುದಿಲ್ಲ. ಸರ್ವೀಸ್ ರಸ್ತೆಯಲ್ಲಿ ಹೋಗಬಹುದು, ಆದರೆ ಅಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿರುತ್ತಾರೆ. ಹಾಗಾಗಿ ಹೆದ್ದಾರಿಯನ್ನೇ ಮರೆತುಬಿಡಿ. ಬೆಳಕು ಹರಿಯುತ್ತಿದ್ದ ಹಾಗೆ ಕೆಆರ್‌ಎಸ್ ರಸ್ತೆ ಹಿಡಿದು ಬೆಳಗೊಳದವರೆಗೆ ಹೋಗಿ. ಪ್ರವಾಸಿಗಳ ಗಾಡಿ ಆ ಹೊತ್ತಿಗೆ ಇರುವುದಿಲ್ಲ. ಅಲ್ಲಿಂದ ಪಾಲಹಳ್ಳಿ ಕಡೆ ತಿರುಗಿ ವಿರಿಜಾ ನಾಲೆಯ ಜೊತೆ ಸೇರಿಕೊಳ್ಳಿ. ಎಡಕ್ಕೆ ನದಿ, ನಡುವೆ ಗದ್ದೆ, ತೆಂಗು. ಆ ಕಡೆ ಮರಗಳ ತುದಿಯಲ್ಲಿ ಬಿಳಿ ಚುಕ್ಕೆಗಳು ಕಂಡರೆ ಅದು ರಂಗನತಿಟ್ಟು. 1940ರಿಂದ ಪಕ್ಷಿಧಾಮ. ಕೊಕ್ಕರೆ, ಚಮಚಕೊಕ್ಕುಗಳು ಗದ್ದೆಗೆ ಇಳಿದು ಮೇಯುತ್ತಿರುತ್ತವೆ. ಸೈಕಲ್ ಸದ್ದು ಮಾಡುವುದಿಲ್ಲವಾದ್ದರಿಂದ ತುಂಬಾ ಹತ್ತಿರ ಹೋಗುವವರೆಗೂ ಹಾರುವುದಿಲ್ಲ.

ಶ್ರೀರಂಗಪಟ್ಟಣದಲ್ಲಿ ತಿಂಡಿ ಮುಗಿಸಿ. ನದಿಯ ಉತ್ತರದ ಕವಲು ದಾಟುವಾಗ ಪಕ್ಕದಲ್ಲಿ ಹಳೆಯ ವೆಲ್ಲೆಸ್ಲಿ ಸೇತುವೆ ಕಾಣುತ್ತದೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ್ದು, ಪೂರ್ತಿ ಕಲ್ಲಿನದು. ನದಿ ತುಂಬಿ ಹರಿಯುವಾಗ ಅದರ ಮೇಲೆ ಓಡಾಡಲು ಬಿಡುವುದಿಲ್ಲ. ದಾಟಿದರೆ ಕಿರಂಗೂರು.

ಇಲ್ಲಿಂದ ಮುಂದೆ ನೆಲದ ಲೆಕ್ಕ ತಿಳಿದುಕೊಳ್ಳಿ. ಕೆಳಗೆ ನದಿ. ಅದಕ್ಕಿಂತ ಮೇಲೆ ಚಿಕ್ಕದೇವರಾಜಸಾಗರ ನಾಲೆ. ಅದಕ್ಕೂ ಮೇಲೆ ವಿಶ್ವೇಶ್ವರಯ್ಯ ನಾಲೆ, ಯಾಕೆಂದರೆ ಅದು ಅಣೆಯಿಂದಲ್ಲ, ಎತ್ತರದ ಕಟ್ಟೆಯಿಂದ ಹೊರಟದ್ದು. ನೀವು ಉತ್ತರಕ್ಕೆ ಹೋಗಬೇಕಾದರೆ ಒಂದೊಂದೇ ಮೆಟ್ಟಿಲು ಹತ್ತುತ್ತೀರಿ. ಸಿಡಿಎಸ್ ಏರಿ ಮೇಲೆ ಸ್ವಲ್ಪ ದೂರ ಸಪಾಟು, ಒಂದು ಹಳ್ಳಿ ರಸ್ತೆಯಲ್ಲಿ ಸಣ್ಣ ಏರು, ಮತ್ತೆ ವಿಶ್ವೇಶ್ವರಯ್ಯ ನಾಲೆ ಮೇಲೆ ಸಪಾಟು. ದಾರಿ ತಪ್ಪಿದರೂ ಗಾಬರಿ ಬೇಡ. ಇಳಿಜಾರು ಹಿಡಿದರೆ ಒಂದಲ್ಲ ಒಂದು ನಾಲೆ ಸಿಗುತ್ತದೆ, ನಾಲೆ ಸಿಕ್ಕಿದರೆ ಸೇತುವೆ ಸಿಗುತ್ತದೆ, ಸೇತುವೆ ಹತ್ತಿರ ಊರು ಇರುತ್ತದೆ.

ಸಮಯ ಇದ್ದವರು ಇಲ್ಲಿ ಕರಿಘಟ್ಟದ ಕಡೆಗೂ ಹೋಗಬಹುದು. ಬೆಟ್ಟದ ಬುಡದಲ್ಲಿ ಲೋಕಪಾವನಿ ಬಂದು ಕಾವೇರಿ ಸೇರುತ್ತದೆ. ಆದರೆ ಒಂದೇ ದಿನದಲ್ಲಿ ಮೇಲುಕೋಟೆ ಮುಟ್ಟಬೇಕಾದರೆ ಅದನ್ನು ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳಿ.

ಪಾಂಡವಪುರದ ಸುತ್ತ ಕಬ್ಬು ಜಾಸ್ತಿ. ಎರಡು ಕಡೆಯೂ ಆಳೆತ್ತರದ ಕಬ್ಬು, ನಡುವೆ ಮಣ್ಣಿನ ಜಾಡು. ಆಲೆಮನೆ ನಡೆಯುತ್ತಿದ್ದರೆ ಒಂದು ಫರ್ಲಾಂಗ್ ಮೊದಲೇ ಬೆಲ್ಲ ಕುದಿಯುವ ವಾಸನೆ ಬರುತ್ತದೆ. ನಿಲ್ಲಿಸಿ, ಕೇಳಿ. ಒಂದು ಲೋಟ ಕಬ್ಬಿನ ಹಾಲು ಕೊಡದೆ ಕಳಿಸಿದ ಆಲೆಮನೆಯವರನ್ನು ನಾನು ನೋಡಿಲ್ಲ. ಕಟಾವಿನ ಕಾಲದಲ್ಲಿ ಕಬ್ಬು ಹೇರಿದ ಟ್ರಾಕ್ಟರ್ ಇದೇ ಜಾಡಿನಲ್ಲಿ ಬರುತ್ತದೆ. ಹೇರು ದಾರಿಗಿಂತ ಅಗಲ ಇರುತ್ತದೆ, ಡ್ರೈವರಿಗೆ ಹಿಂದೆ, ಪಕ್ಕ ಏನೂ ಕಾಣುವುದಿಲ್ಲ. ಸದ್ದು ಕೇಳಿದ ಕೂಡಲೇ ಗದ್ದೆ ಕಡೆಗೆ ಇಳಿದು ನಿಲ್ಲಿ. ನಾಲೆ ಕಡೆಗೆ ಯಾವತ್ತೂ ಬೇಡ.

ಪಾಂಡವಪುರ ಬಿಟ್ಟು ಕುಂತಿಬೆಟ್ಟದ ಬಂಡೆಗಳನ್ನು ದಾಟಿದ ಮೇಲೆ ನಾಲೆಯ ಬಯಲು ಮುಗಿದು ಕಣಿವೆ ಶುರುವಾಗುತ್ತದೆ. ತೊಣ್ಣೂರು ಕೆರೆ ಇಲ್ಲಿಂದ ಹತ್ತಿರ. ಎರಡು ಕಲ್ಲುಬೆಟ್ಟಗಳ ನಡುವಿನ ಸಂದಿಗೆ ಏರಿ ಹಾಕಿ ಮುಚ್ಚಿ ಮಾಡಿದ ಕೆರೆ ಇದು. ರಾಮಾನುಜಾಚಾರ್ಯರ ಹೆಸರಿನ ಜೊತೆ ಸೇರಿದ ಊರು, ನಂಬಿನಾರಾಯಣ ದೇವಸ್ಥಾನ ಇರುವ ಊರು. ಮೋತಿ ತಲಾಬ್ ಅಂತ ಇದಕ್ಕೆ ಇನ್ನೊಂದು ಹೆಸರಿದೆ. ನೀರು ಅಷ್ಟು ತಿಳಿ. ಕೆರೆ ಕೆಳಗಿನ ಗದ್ದೆಗಳ ನಡುವೆ ಕಾಲುವೆ ಜೊತೆ ಹೋಗಿ ಏರಿ ಹತ್ತಿದರೆ ಇಡೀ ಕೆರೆ ಒಮ್ಮೆಲೇ ಕಣ್ಣೆದುರು ಬರುತ್ತದೆ. ಈ ದಾರಿಯಲ್ಲಿ ನನಗೆ ಅತಿ ಪ್ರಿಯವಾದ ಜಾಗ ಇದೇ. ಅರ್ಧ ಗಂಟೆಯಾದರೂ ಕೂರಿ. ಆದರೆ ಈಜಲು ಇಳಿಯಬೇಡಿ, ಕೆರೆ ತುಂಬಾ ಆಳ.

ತೊಣ್ಣೂರಿನಿಂದ ಜಕ್ಕನಹಳ್ಳಿ ಕಡೆಗೆ ಸಣ್ಣ ಸಣ್ಣ ಹಳ್ಳಿ ರಸ್ತೆಗಳು. ನಾಗಮಂಗಲದ ಮುಖ್ಯ ರಸ್ತೆ ಸಿಕ್ಕಿದಾಗ ಅದರಲ್ಲಿ ಹೋಗಬೇಕಾದಷ್ಟೇ ಹೋಗಿ ಮೇಲುಕೋಟೆಗೆ ತಿರುಗಿ. ಏರು ಅಂತ ಇರುವುದು ಇಲ್ಲೇ. ಇಷ್ಟು ಹೊತ್ತು ಸಪಾಟಿನಲ್ಲಿ ಬಂದ ಕಾಲು ಒಮ್ಮೆಲೇ ತಕರಾರು ಮಾಡುತ್ತದೆ. ಸಣ್ಣ ಗೇರಿಗೆ ಹಾಕಿ ನಿಧಾನವಾಗಿ ಹತ್ತಿ. ಮೇಲೆ ಪುಳಿಯೋಗರೆ, ಸಕ್ಕರೆ ಪೊಂಗಲು ಕಾದಿರುತ್ತವೆ. ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ಕಲ್ಯಾಣಿಯ ಮಂಟಪದ ನೆರಳಿನಲ್ಲಿ ಕೂತುಕೊಳ್ಳಿ.

ಕಾಡಿನ ವಿಷಯ

ಕಾಡಿನಲ್ಲಿ ಸೈಕಲ್ ಹೊಡೆಯುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇದೆ. ಆದರೆ ನಮ್ಮ ಕಾಡು ಬೇರೆ ದೇಶದ ಸೈಕಲ್ ವಿಡಿಯೋಗಳ ಕಾಡಿನ ಹಾಗಲ್ಲ. ಇಲ್ಲಿ ಆನೆ ಇದೆ, ಹುಲಿ ಇದೆ. ನಾಗರಹೊಳೆ, ಬಂಡೀಪುರದ ಒಳದಾರಿಗಳು ಸೈಕಲ್ಲಿಗೆ ಇಲ್ಲ. ಬಂಡೀಪುರದ ಹೆದ್ದಾರಿಯನ್ನೇ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚುತ್ತಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯದ ಒಳಗೆ ಅನುಮತಿ ಇಲ್ಲದೆ ಹೋಗುವ ಹಾಗಿಲ್ಲ. ಮೇಲುಕೋಟೆಯ ಸುತ್ತ ಇರುವುದೂ ಅಭಯಾರಣ್ಯವೇ, ತೋಳಗಳಿಗಾಗಿ 1974ರಲ್ಲಿ ಮಾಡಿದ್ದು. ಅಲ್ಲಿನ ಕುರುಚಲು ಕಾಡಿನ ನಡುವೆ ಹಾದುಹೋಗುವ ಸಾರ್ವಜನಿಕ ರಸ್ತೆಗಳಲ್ಲಿ ಹಗಲು ಹೊತ್ತು ಆರಾಮವಾಗಿ ಹೋಗಬಹುದು. ವಾಹನವೂ ಕಡಿಮೆ. ಪಕ್ಕದಲ್ಲಿ ಕಾಣುವ ಕಾಲುದಾರಿಗೆ ನುಗ್ಗುವ ಮನಸ್ಸಾದರೆ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ. ಬೇಡ ಅಂದರೆ ಬೇಡ. ನವಿಲು, ಮುಳ್ಳುಹಂದಿ, ತೋಳ ಇವಕ್ಕೆ ಉಳಿದಿರುವ ಜಾಗವೇ ಕಡಿಮೆ.

ಚಿರತೆ ಕಾಡಿನಲ್ಲಿ ಮಾತ್ರ ಇರುತ್ತದೆ ಅಂದುಕೊಳ್ಳಬೇಡಿ. ಕಬ್ಬಿನ ಗದ್ದೆಯಲ್ಲಿ ಮರಿ ಹಾಕುತ್ತದೆ. ಹಾಗಾಗಿ ಕತ್ತಲಿರುವಾಗ ಏರಿ ಮೇಲೆ ಹೊರಡಬೇಡಿ, ಸಂಜೆ ಐದೂವರೆ ಒಳಗೆ ದೊಡ್ಡ ರಸ್ತೆ ಸೇರಿಕೊಳ್ಳಿ. ಕಬ್ಬಿನ ನಡುವೆ ಹೋಗುವಾಗ ಬೆಲ್ ಹೊಡೆಯುತ್ತಿರಿ, ಇಲ್ಲ ಮಾತಾಡುತ್ತಾ ಹೋಗಿ. ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಮೂವರು ಇದ್ದರೆ ಒಳ್ಳೆಯದು. ನಾಯಿ ಅಟ್ಟಿಸಿಕೊಂಡು ಬಂದರೆ ಸೈಕಲ್ ಜೋರಾಗಿ ಓಡಿಸಬೇಡಿ, ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಸಂಜೆ ಬಿಸಿ ನೆಲದ ಮೇಲೆ ಹಾವು ಮಲಗಿರುತ್ತದೆ, ಅದು ಹೋಗುವವರೆಗೆ ಕಾಯಿರಿ.

ನೀರಿನ ಭಯ ಇರಲಿ

ಇದನ್ನು ನಿಧಾನವಾಗಿ ಓದಿ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು. ಸ್ಕೂಲ್ ಮಕ್ಕಳೂ ಇದ್ದರು. ನಮ್ಮ ಸೀಮೆಯಲ್ಲಿ ಆ ದಿನವನ್ನು ಯಾರೂ ಮರೆತಿಲ್ಲ. ಆಮೇಲೂ ಕಾರುಗಳು ಬಿದ್ದಿವೆ. ಕೆಲವು ಕಡೆ ತಡೆಗೋಡೆ ಬಂದಿದೆ, ಎಲ್ಲ ಕಡೆ ಇಲ್ಲ.

ನಾಲೆಗೆ ಕಾಂಕ್ರೀಟ್ ಹಾಸಿದ ಕಡೆ ಅಪಾಯ ಜಾಸ್ತಿ. ಇಳಿಜಾರು ಗೋಡೆ, ಅದರ ಮೇಲೆ ಪಾಚಿ. ಒಳಗೆ ಜಾರಿದವರಿಗೆ ಕೈ ಹಿಡಿಯಲು ಏನೂ ಸಿಗುವುದಿಲ್ಲ, ಈಜು ಬಂದರೂ ಹತ್ತಿ ಬರುವುದು ಕಷ್ಟ. ಕೈಕಾಲು ತೊಳೆಯಬೇಕು ಅಂತ ಅಂಥ ಕಡೆ ಇಳಿಯಲೇಬೇಡಿ. ಊರ ಹತ್ತಿರ ಬಟ್ಟೆ ಒಗೆಯಲು ಕಟ್ಟಿದ ಸೋಪಾನ ಇರುತ್ತದೆ, ಅಲ್ಲಿ ಮಾತ್ರ. ಯಾರಾದರೂ ಬಿದ್ದರೆ ಹಿಂದೆ ಧುಮುಕಬೇಡಿ. ಹಗ್ಗ, ಪಂಚೆ, ಸೀರೆ ಏನಾದರೂ ಎಸೆಯಿರಿ, ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ. ಎಲ್ಲಿದ್ದೀರಿ ಅಂತ ಹೇಳಲು ಒಂದು ದಾರಿ ಇದೆ. ತೂಬು, ಸೇತುವೆಗಳ ಮೇಲೆ ಬಣ್ಣದಲ್ಲಿ ಅಂಕಿ ಬರೆದಿದ್ದರೆ ದಾಟುವಾಗಲೆಲ್ಲ ಓದಿಕೊಳ್ಳುತ್ತಾ ಹೋಗಿ. ನಾಲೆಯ ಹೆಸರು, ಆ ಅಂಕಿ, ಹತ್ತಿರದ ಊರು ಇಷ್ಟು ಹೇಳಿದರೆ ಜನ ಬೇಗ ಬಂದು ಮುಟ್ಟುತ್ತಾರೆ.

ಏರಿಯ ಅಂಚಿಗೆ ಹೋಗಬೇಡಿ ಅಂತ ತಾತ ಬೈಯುತ್ತಿದ್ದರು. ಕಾರಣವನ್ನು ಒಂದು ಸಲ ತೋರಿಸಿದರು. ನೀರು ನಿಲ್ಲಿಸಿದ ದಿನ ನಾಲೆಗೆ ಇಳಿದು ಅಂಚಿನ ಒಳಮೈಗೆ ಗುದ್ದಲಿಯ ಹಿಡಿಯಿಂದ ತಟ್ಟಿದರು. ಟೊಳ್ಳು ಸದ್ದು. ಒಂದು ಗುದ್ದು ಹಾಕಿದರೆ ಅಂಗೈ ಅಗಲದ ಮಣ್ಣು ಕಳಚಿ ಒಳಗೆ ಏಡಿ ಬಿಲ, ಮೊಳಕೈವರೆಗೆ ಕೈ ಹೋಗುವಷ್ಟು ಉದ್ದ. ಮೇಲಿನಿಂದ ನೋಡಿದರೆ ಹುಲ್ಲು, ಗಟ್ಟಿ ನೆಲ. ಒಳಗೆ ಬರೀ ತೂತು. ಆದ್ದರಿಂದ ಸೈಕಲ್ ಯಾವಾಗಲೂ ಗದ್ದೆ ಕಡೆಯ ಜಾಡಿನಲ್ಲಿ. ಎದುರಿಗೆ ಗಾಡಿ ಬಂದರೂ ಅಷ್ಟೆ.

ಏರಿ ಮೇಲಿನ ಜನ

ಈ ದಾರಿಗಳನ್ನು ಸೈಕಲ್ಲಿಗಾಗಿ ಮಾಡಿಲ್ಲ. ನಾಲೆ ಕಾವೇರಿ ನೀರಾವರಿ ನಿಗಮದ್ದು, ಏರಿ ರೈತರ ದಿನದ ದಾರಿ. ಕಟ್ಟೆಯ ಹತ್ತಿರದ ಭಾಗಕ್ಕೆ, ಬೀಗ ಹಾಕಿದ ಗೇಟಿನ ಒಳಕ್ಕೆ ಹೋಗುವ ಪ್ರಯತ್ನ ಬೇಡ. ಗದ್ದೆಯ ಬದು ಮೇಲೆ ಸೈಕಲ್ ಹತ್ತಿಸಬೇಡಿ. ಕೆಸರು ಮೆತ್ತಿ ಆಗತಾನೇ ಕಟ್ಟಿದ ಬದುವಿನ ಮೇಲೆ ಒಂದು ಟೈರಿನ ಗೀರು ಬಿದ್ದರೆ ರಾತ್ರಿ ಅಲ್ಲಿಂದಲೇ ನೀರು ಸೋರಿ ಕೆಳಗಿನ ಗದ್ದೆಗೆ ಹೋಗುತ್ತದೆ. ಬೆಳಗ್ಗೆ ಎರಡು ಮನೆಗೆ ಜಗಳ. ತೂಬಿನ ಹಲಗೆ, ತಿರುಪು ಯಾವುದನ್ನೂ ಮುಟ್ಟಬೇಡಿ, ಫೋಟೋಗೂ ಸಹ. ಎಮ್ಮೆ, ಕುರಿ ಎದುರಾದರೆ ಇಳಿದು ನಿಂತರೆ ಅವು ತಾವೇ ದಾಟಿಹೋಗುತ್ತವೆ.

ಮಾತಾಡಿಸಿ. ಹೆಲ್ಮೆಟ್, ಕಪ್ಪು ಕನ್ನಡಕ ಹಾಕಿಕೊಂಡು ಸುಮ್ಮನೆ ಹಾದುಹೋದರೆ ಜನಕ್ಕೆ ಅನುಮಾನ. ಸರ್ವೆಯವರಾ, ಜಮೀನು ನೋಡಲು ಬಂದವರಾ ಅಂತ. ಕನ್ನಡಕ ತೆಗೆದು 'ಅಣ್ಣಾ, ಈ ಏರಿ ಮೇಲೆ ಹೋದರೆ ಮುಂದಕ್ಕೆ ಸೇತುವೆ ಸಿಗುತ್ತಾ?' ಅಂತ ಕೇಳಿ. ಉತ್ತರ ಬರೀ ಹೌದು, ಇಲ್ಲ ಅಂತ ಇರುವುದಿಲ್ಲ. 'ಸಿಗ್ತದೆ ಕಣವ್ವ, ಆದ್ರೆ ಅಲ್ಲಿ ಮರ ಬಿದ್ದದೆ. ಈ ಕಡೆ ಇಳ್ದು ಮಾರಮ್ಮನ ಗುಡಿ ತಾವು ಮತ್ತೆ ಹತ್ಕೋ.' ಇಂಥ ಸುದ್ದಿ ಯಾವ ಆ್ಯಪಿನಲ್ಲೂ ಇರುವುದಿಲ್ಲ. ಹಾಗೇ ಮಜ್ಜಿಗೆಯೂ ಸಿಗುತ್ತದೆ.

ಕುಡಿಯುವ ನೀರು ಎರಡು ಬಾಟಲಿ ಇರಲಿ. ನಾಲೆ ನೀರು ಕುಡಿಯಬೇಡಿ, ಗದ್ದೆಗೆ ಹೊಡೆದ ಔಷಧಿ, ಊರಿನ ಚರಂಡಿ ಎರಡೂ ಸೇರಿರುತ್ತವೆ. ಸುಮಾರು ಹಳ್ಳಿಗಳಲ್ಲಿ ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕ ಇದೆ. ಐದು ರೂಪಾಯಿಯ ಕೆಲವು ನಾಣ್ಯ ಜೇಬಿನಲ್ಲಿ ಇಟ್ಟುಕೊಳ್ಳಿ. ಬಾಳೆಹಣ್ಣು, ಕಡ್ಲೆಮಿಠಾಯಿ ದಾರಿಯುದ್ದಕ್ಕೂ ಸಿಗುತ್ತದೆ.

ವಾಪಸು ಬರುವಾಗ ಮಧ್ಯಾಹ್ನ ಎರಡೂವರೆಗೆ ಮೇಲುಕೋಟೆ ಬಿಡಿ. ಜಕ್ಕನಹಳ್ಳಿವರೆಗೆ ಇಳಿಜಾರು, ಕೈ ಬ್ರೇಕಿನ ಮೇಲೆ ಇರಲಿ. ಪಾಂಡವಪುರಕ್ಕೆ ಬಂದಾಗ ಕಾಲು ಸೋತಿದ್ದರೆ ಏರಿ ಹಿಡಿಯಬೇಡಿ, ಟಾರ್ ರಸ್ತೆಯಲ್ಲೇ ಶ್ರೀರಂಗಪಟ್ಟಣಕ್ಕೆ ಹೋಗಿ. ಇನ್ನೂ ಹುಮ್ಮಸ್ಸಿದ್ದು ನಾಲ್ಕೂವರೆ ಒಳಗೆ ಪಾಲಹಳ್ಳಿ ಮುಟ್ಟುವಿರಾದರೆ ಬೆಳಗ್ಗೆ ಬಂದ ವಿರಿಜಾ ಏರಿಯೇ ಸರಿ. ತಡವಾದರೆ ಶ್ರೀರಂಗಪಟ್ಟಣದಲ್ಲೇ ಉಳಿದುಕೊಂಡು ಮಾರನೆಯ ಬೆಳಗ್ಗೆ ಬನ್ನಿ.